ಓದುಗರ ಪ್ರಶ್ನೆ: ಜಾನಪದ ಬಳಗದ ತಿಂಗಳ ಹಾಡಿಕೆ

ಪ್ರಶ್ನೆ: ನಮ್ಮದು ಸಣ್ಣ ಊರಿನ ಜಾನಪದ ಬಳಗ. ಹೋದ ವರ್ಷ ಒಂದೇ ಸಂಜೆ ಎಂಟು ತಂಡಗಳನ್ನು ಕರೆಸಿ, ತಂಡಕ್ಕೆ ಹತ್ತು ನಿಮಿಷದಂತೆ ವೇದಿಕೆ ಕೊಟ್ಟೆವು. ಕಲಾವಿದರಿಗೂ ಕೇಳುಗರಿಗೂ ಸಮಾಧಾನವಾಗಲಿಲ್ಲ. ಈ ಬಾರಿ ಮಹದೇಶ್ವರನ ಕಥೆ ಹಾಡುವ ಕಂಸಾಳೆಯವರು, ದೇವರಗುಡ್ಡರು ಹಾಗೂ ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರನ್ನು ಕರೆದು, ದೀಪಾವಳಿಗೆ ಆರಂಭಿಸಿ ಯುಗಾದಿಗೆ ಮುಗಿಯುವಂತೆ ತಿಂಗಳಿಗೊಂದು ಕಾರ್ಯಕ್ರಮ ನಡೆಸುವ ಆಲೋಚನೆಯಿದೆ. ಹೇಗೆ ಯೋಜಿಸಬೇಕು?
— ಓದುಗರೊಬ್ಬರು, ಚಾಮರಾಜನಗರ ಜಿಲ್ಲೆ

ಉತ್ತರ: ಮೊದಲು ದಿನಾಂಕಗಳನ್ನು ಬದಲಿಸಿ. ದೀಪಾವಳಿ, ಮಹಾಶಿವರಾತ್ರಿ ಮತ್ತು ಯುಗಾದಿ ಮೂರೂ ಮಲೆ ಮಹದೇಶ್ವರ ಬೆಟ್ಟದ ಜಾತ್ರೆಯ ಕಾಲ. ನೀವು ಕರೆಯಬೇಕೆಂದಿರುವ ಕಂಸಾಳೆಯವರೂ ದೇವರಗುಡ್ಡರೂ ಆ ದಿನಗಳಲ್ಲಿ ಬೆಟ್ಟದಲ್ಲಿರಬೇಕಾದವರು. ನೀಲಗಾರರಿಗೆ ಪುಷ್ಯ ಮಾಸದ ಹುಣ್ಣಿಮೆಯ ಚಿಕ್ಕಲ್ಲೂರು ಜಾತ್ರೆ ಹಾಗೂ ಶಿವರಾತ್ರಿಯಿಂದ ಆರಂಭವಾಗುವ ಕಪ್ಪಡಿ ಜಾತ್ರೆ ಅಷ್ಟೇ ಮುಖ್ಯ. ಅಮಾವಾಸ್ಯೆಯೂ ಬೆಟ್ಟಕ್ಕೆ ಜನ ಹೋಗುವ ದಿನವೇ. ಹರಕೆ, ಭಿಕ್ಷೆ, ದೀಕ್ಷೆಗಳ ಜೊತೆಗೆ ಬೆಳೆದ ಹಾಡಿಕೆಯನ್ನು ಆ ಸಂದರ್ಭದಿಂದ ಎಳೆದು ತಂದು ನಮ್ಮ ಸಭಾಂಗಣ ಖಾಲಿಯಿರುವ ಭಾನುವಾರಕ್ಕೆ ಕಟ್ಟಿಹಾಕುವುದು ನನಗೆ ಸರಿಕಾಣುವುದಿಲ್ಲ. ಕಲಾವಿದರೊಡನೆ ಕುಳಿತು ಅವರ ಜಾತ್ರೆ-ಹರಕೆಗಳ ಪಟ್ಟಿಯನ್ನು ಮೊದಲು ಬರೆದುಕೊಳ್ಳಿ. ಉಳಿದ ದಿನಗಳಲ್ಲಿ ನಿಮ್ಮ ಕಾರ್ಯಕ್ರಮಗಳು ತಾವಾಗಿಯೇ ಜಾಗ ಕಂಡುಕೊಳ್ಳುತ್ತವೆ.

ಇನ್ನು ಹತ್ತು ನಿಮಿಷದ ಮಾತು. ತಂಬೂರಿ ಶ್ರುತಿಗೆ ಬಂದು, ದೇವರನ್ನೂ ಗುರುವನ್ನೂ ನೆನೆದು, ಹಿಮ್ಮೇಳದವರ ಗಂಟಲು ಬಿಚ್ಚಿಕೊಳ್ಳುವ ವೇಳೆಗೇ ಅಷ್ಟು ಹೊತ್ತು ಕಳೆದಿರುತ್ತದೆ. ಹಾಗಾಗಿ ಆ ಸಂಜೆ ನಿಮ್ಮ ಕೇಳುಗರಿಗೆ ಸಿಕ್ಕಿದ್ದು ಎಂಟು ಪೀಠಿಕೆಗಳೇ ಹೊರತು ಒಂದು ಕಥೆಯಲ್ಲ. ಆದರೆ ಕಾವ್ಯವೇ ನಿಮಗೊಂದು ದಾರಿಯನ್ನು ಹಾಕಿಕೊಟ್ಟಿದೆ. ಮಹದೇಶ್ವರ ಕಾವ್ಯವು ಸಾಲುಗಳಾಗಿ, ಅಂದರೆ ಬಿಡಿ ಕಥಾಭಾಗಗಳಾಗಿ, ವಿಂಗಡಣೆಯಾಗಿದೆ: ಶ್ರವಣದೊರೆಯ ಸಾಲು, ಜುಂಜೇಗೌಡನ ಸಾಲು, ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಹೀಗೆ. ತಿಂಗಳಿಗೆ ಒಂದೇ ತಂಡ, ಒಂದೇ ಸಾಲು ಎಂದು ನಿರ್ಧರಿಸಿ. ಜೇನು ತರಲು ಕಾಡಿಗೆ ಹೊರಟ ಗಂಡ ನೀಲೇಗೌಡ, ತಾನು ಹಿಂದಿರುಗುವವರೆಗೆ ಪತಿವ್ರತೆಯಾಗಿರುವೆನೆಂದು ಭಾಷೆ ಕೊಡೆಂದು ಸಂಕಮ್ಮನನ್ನು ಹಿಂಸಿಸುವ ಭಾಗವನ್ನು ಹಾಡುಗಾರರು ಅವಸರವಿಲ್ಲದೆ ಎಳೆಯೆಳೆಯಾಗಿ ಬಿಡಿಸುವಾಗ, ಮುಮ್ಮೇಳದ ಪ್ರತಿ ಮಾತಿಗೂ ಹಿಮ್ಮೇಳದವರು ದನಿಗೂಡಿಸುವಾಗ, ಕೇಳುಗರು ಕದಲುವುದಿಲ್ಲ. ಹಾಡಿಕೆಗೆ ಮೂರು ಗಂಟೆಯಾದರೂ ಸಮಯ ಕೊಡಿ. ಸ್ವಾಗತ ಭಾಷಣ, ಹಾರ, ನೆನಪಿನ ಕಾಣಿಕೆಗಳನ್ನು ಐದು ನಿಮಿಷಕ್ಕೆ ಇಳಿಸಿ. (ಅಧ್ಯಕ್ಷರ ಭಾಷಣವನ್ನು ಕೈಬಿಟ್ಟರಂತೂ ಯಾರೂ ಬೇಸರಿಸಿಕೊಳ್ಳರು, ಅಧ್ಯಕ್ಷರ ಹೊರತು.) ಸಂಭಾವನೆಯನ್ನು ಮುಂಚಿತವಾಗಿ ಮಾತನಾಡಿ, ಹಿಮ್ಮೇಳದವರ ಪಾಲು, ಪ್ರಯಾಣ ಹಾಗೂ ಊಟದ ಖರ್ಚನ್ನು ಸೇರಿಸಿಯೇ ಲೆಕ್ಕಹಾಕಿ. ಬಳಗವನ್ನು ನೋಂದಾಯಿಸುವುದಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಂತೆ ಕನಿಷ್ಠ 7 ಮಂದಿ ಸದಸ್ಯರು ಬೇಕು.

ಪ್ರಶ್ನೆ: ನಮ್ಮ ಸಂಘದ ಉಚಿತ ಕಾರ್ಯಕ್ರಮಗಳಲ್ಲಿ ತತ್ವಪದ, ಗೀಗೀ ಪದಗಳನ್ನು ಹಾಡಿಸುತ್ತೇವೆ. ಹಕ್ಕುಸ್ವಾಮ್ಯದ ತೊಡಕು ಬರುವುದೆ? ಅವುಗಳ ವಿಡಿಯೋವನ್ನು ಯೂಟ್ಯೂಬ್‌ಗೆ ಹಾಕಬಹುದೆ?
— ಓದುಗರೊಬ್ಬರು, ಧಾರವಾಡ

ಉತ್ತರ: ಪರಂಪರೆಯ ಪದಗಳಿಗೆ ಆ ಭಯವಿಲ್ಲ. ಶಿಶುನಾಳ ಷರೀಫರ (1819–1889) ಪದಗಳು ಕರ್ತೃ ಗೊತ್ತಿರುವ ರಚನೆಗಳಾದರೂ, ನಮ್ಮಲ್ಲಿ ಹಕ್ಕುಸ್ವಾಮ್ಯದ ಅವಧಿ ಕವಿಯ ಮರಣಾನಂತರ 60 ವರ್ಷ ಮಾತ್ರವಾದ್ದರಿಂದ, ಅವು ಎಂದೋ ಎಲ್ಲರ ಸ್ವತ್ತಾಗಿವೆ. ಆದರೆ ‘ಜಾನಪದ ಗೀತೆ’ ಎಂಬ ಹೆಸರಿನಲ್ಲಿ ಕ್ಯಾಸೆಟ್ಟು, ಸಿನಿಮಾಗಳಿಂದ ಬಂದ ಎಷ್ಟೋ ಹಾಡುಗಳಿಗೆ ಕವಿಯೂ ಸಂಗೀತ ನಿರ್ದೇಶಕರೂ ಇದ್ದಾರೆ. ಅವನ್ನು ವಿಚಾರಿಸಿಯೇ ಹಾಡಿಸಿ. ಹವ್ಯಾಸಿ ಸಂಘವು ಹಣ ಕೊಡದ ಪ್ರೇಕ್ಷಕರ ಮುಂದೆ ನೀಡುವ ಪ್ರದರ್ಶನಕ್ಕೆ 1957ರ ಹಕ್ಕುಸ್ವಾಮ್ಯ ಅಧಿನಿಯಮದ 52ನೇ ಕಲಂ ವಿನಾಯಿತಿ ಕೊಡುತ್ತದೆ; ಟಿಕೆಟ್ ಇಟ್ಟ ಕೂಡಲೇ ಆ ನೆರಳು ತಪ್ಪುತ್ತದೆ.

ವಿಡಿಯೋದ ವಿಷಯ ಬೇರೆ. ಹಾಡು ಎಷ್ಟೇ ಹಳೆಯದಾಗಿರಲಿ, ಹಾಡಿದವರಿಗೆ ತಮ್ಮ ಪ್ರದರ್ಶನದ ಮೇಲೆ ಕಾನೂನಿನಲ್ಲಿ 50 ವರ್ಷಗಳ ಹಕ್ಕಿದೆ. ಅವರ ಒಪ್ಪಿಗೆಯಿಲ್ಲದೆ ಚಿತ್ರೀಕರಿಸಿ ಹಾಕಬಾರದು. ಒಪ್ಪಿಗೆಯನ್ನು ಬರೆಸಿಕೊಳ್ಳಿ, ಓದಲು ಬಾರದವರಿಗೆ ಓದಿ ಹೇಳಿ, ಅದರಿಂದ ಹಣ ಬಂದರೆ ಯಾರಿಗೆ ಎಷ್ಟು ಎಂಬುದನ್ನೂ ಅದರಲ್ಲಿಯೇ ನಮೂದಿಸಿ. ಊರೂರು ಅಲೆದು ಧ್ವನಿ ಮುದ್ರಿಸಿಕೊಂಡ ನಮ್ಮವರಲ್ಲಿ ಹಲವರು ಈ ಸೌಜನ್ಯವನ್ನು ಮರೆತಿದ್ದರಿಂದಲೇ ಇಂದು ಕೆಲವು ಹಿರಿಯ ಹಾಡುಗಾರರು ಮೈಕ್ ಕಂಡರೆ ಬಾಯಿ ಬಿಗಿಹಿಡಿಯುತ್ತಾರೆ.

ಪ್ರಶ್ನೆ: ಹರದೇಶಿ-ನಾಗೇಶಿ ಹಾಡಿಕೆಯನ್ನು ಬಯಲಿನಲ್ಲಿ ಬೆಳತನಕ ನಡೆಸಬಹುದೆ?
— ಓದುಗರೊಬ್ಬರು, ವಿಜಯಪುರ

ಉತ್ತರ: ಧ್ವನಿವರ್ಧಕವಿಟ್ಟು ನಡೆಸಲಾಗದು. 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ತೆರೆದ ಜಾಗದಲ್ಲಿ ಅದಕ್ಕೆ ಅವಕಾಶವಿಲ್ಲ; ವರ್ಷಕ್ಕೆ 15 ದಿನ ಮೀರದಂತೆ ಸರ್ಕಾರ ಸಡಿಲಿಸಿದರೂ ಅದು ಮಧ್ಯರಾತ್ರಿ 12ರವರೆಗೆ ಮಾತ್ರ. ಹರದೇಶಿ-ನಾಗೇಶಿಯವರು ಹಾಡಿನಲ್ಲಿಯೇ ನಡೆಸುವ, ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬ ವಾದ ಒಂದೆರಡು ಗಂಟೆಗೆ ಇತ್ಯರ್ಥವಾಗುವಂಥದ್ದಲ್ಲ ಎಂಬುದನ್ನು ಬಲ್ಲೆ. ಮಧ್ಯಾಹ್ನ ಮೂರಕ್ಕೇ ಆರಂಭಿಸಿ, ಅಥವಾ ರಾತ್ರಿಯ ಭಾಗವನ್ನು ಮುಚ್ಚಿದ ಸಭಾಭವನಕ್ಕೆ ಸಾಗಿಸಿ.

ಪ್ರಶ್ನೆ: ನಮ್ಮ ಕೂಟದ ಹಿರಿಯ ಹೆಂಗಸರಿಗೆ ನೂರಾರು ಸೋಬಾನೆ, ಬೀಸುವ ಪದಗಳು ಬರುತ್ತವೆ. ಎಷ್ಟು ಕರೆದರೂ ವೇದಿಕೆ ಹತ್ತುವುದಿಲ್ಲ. ಏನು ಮಾಡಲಿ?
— ಓದುಗರೊಬ್ಬರು, ಸಾಗರ

ಉತ್ತರ: ಹತ್ತಿಸಬೇಡಿ, ತಾಯಿ. ಸೋಬಾನೆ ಕೇಳುಗರಿಗಾಗಿ ಹಾಡುವ ಹಾಡಲ್ಲ. ಒಬ್ಬರು ಎತ್ತಿಕೊಟ್ಟ ಸೊಲ್ಲನ್ನು ಉಳಿದವರು ತೆಗೆದುಕೊಂಡು ಮುಂದುವರಿಸುವ ಹಾಡು. ವೇದಿಕೆಯ ಮೇಲೆ ಆ ಉಳಿದವರು ಪ್ರೇಕ್ಷಕರಾಗಿ ದೂರ ಕುಳಿತುಬಿಟ್ಟರೆ, ಎತ್ತಿಕೊಟ್ಟವರು ಒಂಟಿಯಾಗುತ್ತಾರೆ. ತಿಂಗಳಿಗೊಮ್ಮೆ ಯಾರದಾದರೂ ಮನೆಯ ಜಗಲಿಯಲ್ಲಿ, ಮೈಕ್ ಇಲ್ಲದೆ, ಚಾಪೆ ಹಾಸಿ ಸುತ್ತ ಕುಳಿತುಕೊಳ್ಳಿ. ಕಲಿಯಬೇಕೆನ್ನುವ ಹುಡುಗಿಯರನ್ನು ಹಿರಿಯರ ಪಕ್ಕದಲ್ಲಿಯೇ ಕೂರಿಸಿ. ಒಂದು ಬೀಸುವ ಕಲ್ಲು ಇದ್ದರೆ ತರಿಸಿ, ಒಂದು ಸೇರು ರಾಗಿಯನ್ನೋ ಅಕ್ಕಿಯನ್ನೋ ನಿಜವಾಗಿಯೂ ಬೀಸಿಸಿ. ಕೈ ತಿರುಗತೊಡಗಿದರೆ ಮರೆತ ತ್ರಿಪದಿಗಳೂ ಬರುತ್ತವೆ, ಏಕೆಂದರೆ ಆ ಲಯವನ್ನು ಅವರು ಕಲಿತದ್ದೇ ಗೂಟ ಹಿಡಿದು. ದೀಪಾವಳಿಯಲ್ಲಿ ದೀಪ ಹಿಡಿದು ಮನೆಮನೆಗೆ ಬರುವ ಅಂಟಿಕೆ-ಪಂಟಿಕೆಯವರನ್ನೂ ಸಭಾಭವನಕ್ಕೆ ಕರೆಯದೆ, ಕೂಟದ ಸದಸ್ಯರೆಲ್ಲ ಆ ರಾತ್ರಿ ಒಂದೇ ಮನೆಯಲ್ಲಿ ಸೇರಿ, ಬಾಗಿಲಲ್ಲಿ ಎಣ್ಣೆ-ಅಕ್ಕಿ ಇಟ್ಟುಕೊಂಡು ಅವರನ್ನು ಬರಮಾಡಿಕೊಳ್ಳಿ.