ನಾಯಿಯ ಮೈಗೆ ಅಂಟುವ ಮುಳ್ಳುಕಳೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಮನೆಯ ಮುಂದೆ ಪುಟ್ಟ ಹುಲ್ಲುಹಾಸಿದೆ. ಪಕ್ಕದ ಸೈಟು ಖಾಲಿ ಬಿದ್ದಿದ್ದು, ಅಲ್ಲಿ ಕಳೆ ಎದೆಯೆತ್ತರಕ್ಕೆ ಬೆಳೆದಿದೆ. ನಾವು ಸಾಕಿರುವ ಗೋಲ್ಡನ್ ರಿಟ್ರೀವರ್ ಹುಲ್ಲಿನ ಮೇಲೆ ಹೊರಳಾಡಿ ಒಳಗೆ ಬಂದರೆ ಕಿವಿಯ ಹಿಂದೆ, ತೊಡೆಸಂದಿಯಲ್ಲಿ, ಬಾಲದಲ್ಲಿ ಮುಳ್ಳುಬೀಜಗಳು ಮೆತ್ತಿಕೊಂಡಿರುತ್ತವೆ. ಸ್ನಾನ ಮಾಡಿಸಿದರೆ ಗಂಟು ಮತ್ತಷ್ಟು ಬಿಗಿಯುತ್ತದೆ. ಕೂದಲನ್ನೇ ಬೋಳಿಸಿಬಿಡೋಣವೇ? (ಮೈಸೂರಿನ ಓದುಗರು)

ಉತ್ತರ: ದಯವಿಟ್ಟು ಬೋಳಿಸಬೇಡಿ. ಈ ತಳಿಗೆ ಎರಡು ಪದರದ ಕೂದಲಿದ್ದು, ಮೇಲಿನ ಉದ್ದ ಕೂದಲು ಚರ್ಮವನ್ನು ಬಿಸಿಲಿನಿಂದ ಕಾಯುತ್ತದೆ. ಒಮ್ಮೆ ಬೋಳಿಸಿದರೆ ಅದು ಮೊದಲಿನಂತೆ ಬೆಳೆಯದೆ ತೇಪೆತೇಪೆಯಾಗಿ ಬರುವುದುಂಟು. ಬೆರಳುಸಂದಿಯ ಕೂದಲನ್ನೂ ಕಿವಿಯ ಕೆಳಗಿನ ಜಾಲರಿಯನ್ನೂ ಹಿಂಗಾಲಿನ ಕುಚ್ಚನ್ನೂ ಗಿಡ್ಡ ಮಾಡಿಸಿದರೆ ಸಾಕು.

ನಾಯಿಗೆ ಬಾಚಣಿಗೆ ಹಿಡಿಯುವ ಮೊದಲು, ಕಿತ್ತ ಬೀಜಗಳಲ್ಲಿ ನಾಲ್ಕಾರನ್ನು ಅಂಗೈಯಲ್ಲಿಟ್ಟು ಬೆಳಕಿನಲ್ಲಿ ನೋಡಿ, ಏಕೆಂದರೆ ಯಾವ ಕಳೆಯೆಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಅಕ್ಕಿಕಾಳಿಗಿಂತ ಸಣ್ಣದಾಗಿ, ಒಣಗಿದಾಗ ಕಂದುಬಣ್ಣಕ್ಕೆ ತಿರುಗಿ, ತುದಿಯಲ್ಲಿ ಚೂಪಾಗಿದ್ದರೆ ಅದು ಉತ್ತರಾಣಿಯದಾಗಿರಬೇಕು. ಅದರ ಉದ್ದನೆಯ ಕದಿರಿನಲ್ಲಿ ಬೀಜಗಳು ಕೆಳಮುಖವಾಗಿ ಬಾಗಿ ಕುಳಿತಿರುತ್ತವೆ, ಯಾವುದಾದರೂ ಪ್ರಾಣಿ ಉಜ್ಜಿಕೊಂಡು ಹೋದೊಡನೆ ಕಳಚಿಕೊಂಡು ಅಂಟುತ್ತವೆ. ಸೂಜಿಯಂಥ ಬುಡವಿದ್ದು, ಪಂಚೆಯ ಅಂಚಿಗೂ ಕಾಲುಚೀಲಕ್ಕೂ ಸಾಲಾಗಿ ಚುಚ್ಚಿಕೊಳ್ಳುವಂಥದ್ದು ಗಂಜಿಗರಿಕೆ. ಇದು ಕೂದಲಿನಲ್ಲಿ ನಿಲ್ಲದೆ ಚರ್ಮದವರೆಗೂ ಇಳಿಯುತ್ತದೆ. ಬಿಡಿಬೀಜದ ಬದಲು ಇಡೀ ತೆನೆಯೇ ಹುಳುವಿನಂತೆ ಕೂದಲಿಗೆ ಸುತ್ತಿಕೊಂಡಿದ್ದರೆ ಅದು ಜನ ಅಂಟುಹುಲ್ಲು ಎನ್ನುವ ಸೆಟೇರಿಯಾ. ಅದರ ರೋಮಗಳಿಗೆ ಹಿಮ್ಮುಖವಾದ ಹಲ್ಲುಗಳಿರುವುದರಿಂದ ತೆನೆಯನ್ನು ಒಂದು ದಿಕ್ಕಿಗೆ ಸವರಿದರೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸ.

ನೀರು ಸೋಕಿಸುವ ಮೊದಲೇ ಸಿಕ್ಕು ಬಿಡಿಸಬೇಕು. ಬೆರಳಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಗಂಟಿಗೆ ತಿಕ್ಕಿ, ಐದು ನಿಮಿಷ ಬಿಟ್ಟು, ಗಂಟಿನ ಬುಡದ ಕೂದಲನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದುಕೊಳ್ಳಿ, ಆಗ ಜಗ್ಗಿದ ಪೆಟ್ಟು ಚರ್ಮಕ್ಕೆ ಮುಟ್ಟುವುದಿಲ್ಲ. ಬಳಿಕ ತುದಿಯಿಂದ ಬುಡದ ಕಡೆಗೆ ಎಳೆಎಳೆಯಾಗಿ ಬಿಡಿಸುತ್ತ ಬನ್ನಿ. ಬೀಜ ಗಟ್ಟಿಯಾಗಿ ಕಚ್ಚಿಕೊಂಡಿದ್ದರೆ ಅದನ್ನು ಇಕ್ಕಳದಲ್ಲಿ ಒತ್ತಿ ಪುಡಿ ಮಾಡಿದರೆ ಚೂರುಗಳು ತಾವಾಗಿ ಸಡಿಲುತ್ತವೆ. ಕತ್ತರಿ ಬಳಸಲೇಬೇಕಾದರೆ ಗಂಟಿಗೂ ಚರ್ಮಕ್ಕೂ ನಡುವೆ ಬಾಚಣಿಗೆಯನ್ನು ಅಡ್ಡವಿಟ್ಟು ಅದರ ಮೇಲ್ಗಡೆ ಮಾತ್ರ ಕತ್ತರಿಸಿ. ಸಿಕ್ಕಿನೊಳಗೆ ಚರ್ಮ ಎಲ್ಲಿದೆಯೆಂಬುದು ಕಣ್ಣಿಗೆ ಕಾಣುವುದಿಲ್ಲ, ಮನೆಯಲ್ಲಿ ಆಗುವ ಗಾಯಗಳು ಹೆಚ್ಚಾಗಿ ಇಲ್ಲಿಯೇ ಆಗುತ್ತವೆ.

ಬಹಳಷ್ಟು ಮನೆಗಳಲ್ಲಿ ನಡೆಯುವ ಒಂದು ತಪ್ಪನ್ನು ಹೇಳಲೇಬೇಕು. ಜಗುಲಿಯಲ್ಲಿ ಕೂತು ನಾಯಿಯ ಮೈಯಿಂದ ಬೀಜಗಳನ್ನು ಆರಿಸುತ್ತಾರೆ, ಆಮೇಲೆ ಪೊರಕೆಯಿಂದ ಅವನ್ನೆಲ್ಲ ಅಂಗಳಕ್ಕೇ ಗುಡಿಸುತ್ತಾರೆ. ಬೀಜವು ಪ್ರಾಣಿಯ ಮೈ ಹತ್ತುವುದೇ ಹೊಸ ಜಾಗಕ್ಕೆ ಹೋಗಿ ಬೀಳಲೆಂದು. ಪಕ್ಕದ ಸೈಟಿನಿಂದ ನಿಮ್ಮ ಅಂಗಳಕ್ಕೆ ಕಳೆಯನ್ನು ಹೊತ್ತು ತಂದದ್ದು ನಿಮ್ಮ ನಾಯಿಯೇ ಇರಬಹುದು, ಬಿತ್ತಿದವರು ನೀವು. ಕಿತ್ತ ಬೀಜವನ್ನು ಮುಚ್ಚಳವಿರುವ ಡಬ್ಬಿಗೆ ಹಾಕಿ, ಚೀಲದಲ್ಲಿ ಕಟ್ಟಿ ಕಸದ ಗಾಡಿಗೆ ಕೊಡಿ. ಮನೆಯ ಗೊಬ್ಬರದ ಗುಂಡಿಯಲ್ಲಿ ಬೀಜ ಸಾಯುವಷ್ಟು ಶಾಖ ಹುಟ್ಟುವುದು ಅಪರೂಪ.

ಇನ್ನು ಕಳೆಯ ವಿಚಾರ. ಈ ಮೂರನ್ನೂ ಹೂಗೊಂಚಲು ಕಾಣಿಸಿಕೊಂಡು ಬೀಜ ಬಲಿಯುವುದರೊಳಗೆ ತೆಗೆಯಬೇಕು, ಆ ಗಡುವು ತಪ್ಪಿದರೆ ಕಿತ್ತಷ್ಟೂ ಬೀಜ ಉದುರುತ್ತದೆ. ಉತ್ತರಾಣಿಗೆ ನಾವೆಲ್ಲ ಬಲ್ಲ ಒಂದು ಗುರುತು ಇದೆ. ಗಣೇಶನಿಗೆ ಏರಿಸುವ 21 ಪತ್ರೆಗಳಲ್ಲಿ ಅದೂ ಒಂದು, ಅಪಾಮಾರ್ಗವೆಂಬ ಹೆಸರಿನಲ್ಲಿ. ಚೌತಿಗೆ ಎಲೆ ಕೀಳಲು ಹೋದಾಗಲೇ ಇಡೀ ಗಿಡವನ್ನು ಬೇರುಸಹಿತ ಕಿತ್ತುಹಾಕಿದರೆ ಹಬ್ಬವೂ ಆಯಿತು, ತೋಟದ ಕೆಲಸವೂ ಆಯಿತು. ಅದರ ತಾಯಿಬೇರು ಗಟ್ಟಿಯಾದ್ದರಿಂದ ಮಳೆ ಬಿದ್ದು ನೆಲ ಮೆತ್ತಗಾದ ಮರುದಿನ ಬುಡ ಹಿಡಿದು ಎಳೆಯಿರಿ, ಮೇಲಷ್ಟೇ ಮುರಿದರೆ ಬುಡದಿಂದ ಮತ್ತೆ ಚಿಗುರುತ್ತದೆ.

ಗಂಜಿಗರಿಕೆ ನೆಲಕ್ಕೆ ಅಂಟಿ ಹಬ್ಬುವ ಹುಲ್ಲು, ಅದನ್ನು ಪೂರ್ತಿ ಕೀಳುವುದು ಕಷ್ಟ. ಆದರೆ ತೊಂದರೆ ಕೊಡುವುದು ಅದರ ತೆನೆ ಮಾತ್ರ. ಕಂದುಗೆಂಪು ತೆನೆ ತಲೆಯೆತ್ತಿದ ಕೂಡಲೇ, ಹುಲ್ಲು ಕತ್ತರಿಸುವ ಯಂತ್ರಕ್ಕೆ ಚೀಲ ಕಟ್ಟಿ ಕೊಯ್ಯಿರಿ. ಮೊದಲು ಕುಂಟೆಹಲ್ಲಿನಂಥ ರೇಕಿನಿಂದ ಒಮ್ಮೆ ಬಾಚಿದರೆ ನೆಲಕ್ಕೆ ಒರಗಿದ ಕಡ್ಡಿಗಳೂ ಎದ್ದು ನಿಂತು ಬ್ಲೇಡಿಗೆ ಸಿಗುತ್ತವೆ. ಬೀಜ ಈಗಾಗಲೇ ಬಲಿತಿದ್ದರೆ ಒಂದು ಹಳೆಯ ಒರಟು ಕಂಬಳಿಯನ್ನು ಹುಲ್ಲಿನ ಮೇಲೆ ಹಾಸಿ ನಿಧಾನವಾಗಿ ಎಳೆಯಿರಿ, ನಾಯಿಗೆ ಅಂಟಬೇಕಾದದ್ದು ಕಂಬಳಿಗೆ ಅಂಟುತ್ತದೆ. ಅಂಟುಹುಲ್ಲು ಒಂದೇ ಹಂಗಾಮಿನ ಗಿಡ, ಬೇರು ಆಳವಿಲ್ಲ, ಕೈಯಲ್ಲೇ ಬರುತ್ತದೆ. ಖಾಲಿ ಸೈಟಿನ ಒಡೆಯರೊಡನೆ ಮಾತನಾಡಿ, ಆಗದಿದ್ದರೆ ನಗರಪಾಲಿಕೆಗೆ ಲಿಖಿತವಾಗಿ ತಿಳಿಸಿ. ಅಲ್ಲಿಯವರೆಗೆ ಬೇಲಿಯ ಗುಂಟ ಮೂರು ಅಡಿಯಷ್ಟು ಪಟ್ಟಿಯನ್ನಾದರೂ ಅವರ ಒಪ್ಪಿಗೆ ಪಡೆದು ಸವರಿಡುವುದು ಒಳ್ಳೆಯದು.

ಪ್ರಶ್ನೆ: ನಮ್ಮ ಕಾಕರ್ ಸ್ಪ್ಯಾನಿಯಲ್ ತೋಟದಲ್ಲಿ ಓಡಾಡಿ ಬಂದಾಗಿನಿಂದ ತಲೆ ಕೊಡವುತ್ತಲೇ ಇದೆ. ಕಿವಿಯ ಹೊರಗೆ ಅಂಟಿದ್ದ ಹುಲ್ಲಿನ ಮುಳ್ಳುಗಳನ್ನೆಲ್ಲ ತೆಗೆದಿದ್ದೇವೆ. ಒಳಗೆ ಬಿಸಿ ಎಣ್ಣೆ ಬಿಡಬಹುದೇ? (ಚಿಕ್ಕಮಗಳೂರಿನ ಓದುಗರು)

ಉತ್ತರ: ಬಿಡಬೇಡಿ, ಇಂದೇ ಪಶುವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಹುಲ್ಲಿನ ಮುಳ್ಳಿನ ಹಲ್ಲುಗಳೆಲ್ಲ ಒಂದೇ ದಿಕ್ಕಿಗೆ ಇರುವುದರಿಂದ ಅದು ಮುಂದಕ್ಕೆ ಸರಿಯುತ್ತದೆಯೇ ಹೊರತು ಹಿಂದಕ್ಕೆ ಬರುವುದಿಲ್ಲ. ನಾಯಿ ತಲೆ ಕೊಡವಿದಷ್ಟೂ ಒಳಗೆ ಹೋಗಿ ಕಿವಿಯ ತಮಟೆಯನ್ನು ಚುಚ್ಚಬಹುದು. ತಮಟೆ ತೂತಾಗಿದ್ದರೆ ನೀವು ಬಿಟ್ಟ ಎಣ್ಣೆ ನಡುಗಿವಿಗೆ ಇಳಿಯುತ್ತದೆ. ಹತ್ತಿ ಕಡ್ಡಿಯನ್ನೂ ಹಾಕಬೇಡಿ. ವೈದ್ಯರು ದೀಪವಿರುವ ಉಪಕರಣದಿಂದ ನೋಡುತ್ತ ಉದ್ದ ಚಿಮಟದಲ್ಲಿ ಅದನ್ನು ಹೊರತೆಗೆಯುತ್ತಾರೆ, ನಾಯಿ ಒದ್ದಾಡಿದರೆ ಮಂಪರು ಬರುವ ಚುಚ್ಚುಮದ್ದು ಬೇಕಾಗಬಹುದು. ನಡೆದು ಬಂದ ಮೇಲೆ ಒಂದೇ ಸಮನೆ ಸೀನುವುದು, ಒಂದು ಕಣ್ಣನ್ನೇ ಮುಚ್ಚಿಕೊಳ್ಳುವುದು, ಬೆರಳುಸಂದಿಯನ್ನು ಬಿಡದೆ ನೆಕ್ಕುವುದು, ಇವೂ ಅದೇ ಮುಳ್ಳಿನ ಸೂಚನೆಗಳಾಗಿರಬಹುದು.

ಪ್ರಶ್ನೆ: ಕೀಳುವ ತಾಪತ್ರಯವೇ ಬೇಡವೆಂದು ಕಳೆನಾಶಕ ಹೊಡೆದರೆ ಹೇಗೆ? (ದಾವಣಗೆರೆಯ ಓದುಗರು)

ಉತ್ತರ: ಗ್ಲೈಫೋಸೇಟ್ ಹೊಡೆದರೆ ಕಳೆಯೊಡನೆ ನಿಮ್ಮ ಹುಲ್ಲುಹಾಸೂ ಸುಟ್ಟುಹೋಗುತ್ತದೆ. 2,4-ಡಿ ಅಗಲ ಎಲೆಯ ಕಳೆಗಳನ್ನು ಕೊಂದು ಹುಲ್ಲನ್ನು ಉಳಿಸುತ್ತದೆ, ಆದರೆ ಗಂಜಿಗರಿಕೆಯೂ ಅಂಟುಹುಲ್ಲೂ ಹುಲ್ಲುಗಳೇ ಆದ್ದರಿಂದ ಅವೂ ಉಳಿದುಬಿಡುತ್ತವೆ. 2,4-ಡಿ ಒಂದು ಆಮ್ಲ; ಈ ಬಗೆಯ ಆಮ್ಲವನ್ನು ನಾಯಿಯ ಮೂತ್ರಪಿಂಡಗಳು ಮನುಷ್ಯರಷ್ಟು ಬೇಗ ಹೊರಹಾಕುವುದಿಲ್ಲ, ಮೇಲಾಗಿ ನಾಯಿ ಪಾದ ನೆಕ್ಕುವ ಪ್ರಾಣಿ. ಎಲ್ಲಕ್ಕಿಂತ ಮುಖ್ಯವಾಗಿ, ಗಿಡ ಸತ್ತರೂ ಬಲಿತ ಬೀಜದ ಮುಳ್ಳು ಸಾಯುವುದಿಲ್ಲ, ಒಣಗಿದ ಗಿಡದಿಂದಲೂ ಅದು ಕೂದಲಿಗೆ ಅಂಟುತ್ತದೆ. ಸಣ್ಣ ಅಂಗಳಕ್ಕೆ ನಾನು ಇದನ್ನು ಸೂಚಿಸಲಾರೆ.

ಪ್ರಶ್ನೆ: ನಮ್ಮದು ಮುಧೋಳ ನಾಯಿ, ಕೂದಲು ಗಿಡ್ಡ. ಆದರೂ ಅಂಗಳದ ನೆಗ್ಗಿಲು ಮುಳ್ಳಿನಿಂದ ಕುಂಟುತ್ತದೆ. (ಬಾಗಲಕೋಟೆಯ ಓದುಗರು)

ಉತ್ತರ: ಗಿಡ್ಡ ಕೂದಲಿನಲ್ಲಿ ಸಿಕ್ಕು ಬೀಳುವುದಿಲ್ಲ, ಆದರೆ ಪಾದ ಎಲ್ಲ ನಾಯಿಗೂ ಬರಿಗಾಲೇ. ನೆಗ್ಗಿಲ ಕಾಯಿ ಒಣಗಿ ಐದು ಹೋಳಾಗುತ್ತದೆ, ಹೋಳು ಹೇಗೆ ಬಿದ್ದರೂ ಸಾಮಾನ್ಯವಾಗಿ ಒಂದು ಮುಳ್ಳು ಮೇಲಕ್ಕೆ ನಿಲ್ಲುತ್ತದೆ. ಅಂಗಾಲಿಗೆ ಚುಚ್ಚಿದ್ದನ್ನು ಚಿಮಟದಿಂದ ನೇರವಾಗಿ ಎಳೆದು, ಉಗುರುಬೆಚ್ಚನೆಯ ಉಪ್ಪುನೀರಿನಲ್ಲಿ ತೊಳೆಯಿರಿ. ಊತ ಬಂದರೆ ಅಥವಾ ಮರುದಿನವೂ ಕುಂಟಿದರೆ ವೈದ್ಯರಿಗೆ ತೋರಿಸಿ. ಗಿಡವು ನೆಲದ ಮೇಲೆ ಎಷ್ಟೇ ಹರಡಿದ್ದರೂ ಬೇರು ನಡುವಿನ ಒಂದೇ. ಹಳದಿ ಹೂ ಕಂಡಾಗಲೇ ಬಳ್ಳಿಗಳನ್ನು ಒಟ್ಟಾಗಿ ಎತ್ತಿ ಹಿಡಿದು ಕುರ್ಪಿಯಿಂದ ಬುಡದ ಕೆಳಗೆ ಕತ್ತರಿಸಿ. ಉದುರಿದ ಮುಳ್ಳುಗಳಿಗಾಗಿ, ದಪ್ಪ ಅಟ್ಟೆಯ ಹಳೆಯ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಅಂಗಳದ ಉದ್ದಗಲಕ್ಕೂ ಒತ್ತಿ ನಡೆಯಿರಿ, ಅಟ್ಟೆಗೆ ನೆಟ್ಟದ್ದನ್ನು ಇಕ್ಕಳದಿಂದ ಕಿತ್ತು ಡಬ್ಬಿಗೆ ಹಾಕಿ. ಬೀಜ ಮಣ್ಣಿನಲ್ಲಿ ಹಲವು ವರ್ಷ ಬದುಕಿರುವುದರಿಂದ ಮುಂದಿನ ಮಳೆಗಾಲದವರೆಗೂ ಆ ಚಪ್ಪಲಿಯನ್ನು ಎಸೆಯಬೇಡಿ.