ರೋಮನ್ ಪುರಾತತ್ವದಲ್ಲಿ ಲೇಖನ ಪ್ರಕಟಿಸಲು ಇಟಲಿಯಲ್ಲೇ ಉತ್ಖನನ ಮಾಡಿರಬೇಕೇ?

ಇತಿಹಾಸದಲ್ಲಿ ಎಂ.ಎ. ಮುಗಿಸಿರುವ ತಾವು, ಇಟಲಿಯ ನೆಲವನ್ನೇ ಮೆಟ್ಟದೆ ರೋಮನ್ ಪುರಾತತ್ವದಲ್ಲಿ ಸಂಶೋಧನಾ ಲೇಖನ ಪ್ರಕಟಿಸಬಹುದೇ ಎಂದು ಕೇಳಿದ್ದೀರಿ. ಖಂಡಿತ ಪ್ರಕಟಿಸಬಹುದು. ಈ ಕ್ಷೇತ್ರದ ಕೆಲವು ದೊಡ್ಡ ಚರ್ಚೆಗಳು ಹಳೆಯ ಉತ್ಖನನ ವರದಿಗಳನ್ನು ಯಾರೋ ಮರಳಿ ಓದಿದ್ದರಿಂದಲೇ ಹುಟ್ಟಿಕೊಂಡಿವೆ.

ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ 1945ರಲ್ಲಿ ಉತ್ಖನನ ನಡೆಸಿದ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್, ಮರುವರ್ಷವೇ ‘ಏನ್ಷಿಯಂಟ್ ಇಂಡಿಯಾ’ ಪತ್ರಿಕೆಯಲ್ಲಿ ಅದರ ವರದಿಯನ್ನು ಪ್ರಕಟಿಸಿದರು. ಅಲ್ಲಿ ಸಿಕ್ಕ, ಇಟಲಿಯಲ್ಲಿ ತಯಾರಾದ ಕೆಂಪು ಮೆರುಗಿನ ಅರೆಟೈನ್ ಪಾತ್ರೆಗಳ ಕಾಲ ಯುರೋಪಿನಲ್ಲಿ ಆಗಲೇ ನಿಗದಿಯಾಗಿದ್ದುದರಿಂದ, ಅದೇ ನಿವೇಶನದಲ್ಲಿ ಸಿಕ್ಕ, ಒಳತಳದಲ್ಲಿ ಸಣ್ಣ ಕಚ್ಚುಗಳ ವೃತ್ತಗಳಿರುವ ರೂಲೆಟೆಡ್ ತಟ್ಟೆಗಳನ್ನೂ ಅವರು ಕ್ರಿ.ಶ. 1ನೇ ಶತಮಾನಕ್ಕೆ ಸೇರಿಸಿದರು. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳನ್ನು ಅಗೆದಾಗ ಅದೇ ಬಗೆಯ ಚೂರುಗಳು ದೊರೆತವು. ಹೀಗೆ ಬ್ರಹ್ಮಗಿರಿಯಲ್ಲಿರುವಂಥ ನಮ್ಮ ಬೃಹತ್ ಶಿಲಾಸಮಾಧಿಗಳ ಕಾಲಗಣನೆಯೂ ಇಟಲಿಯ ಕುಂಬಾರಿಕೆಗೆ ಗಂಟುಬಿದ್ದಿತು. 1983ರಲ್ಲಿ ಪುರಾತತ್ವಜ್ಞೆ ವಿಮಲಾ ಬೆಗ್ಲಿ ಅವರು, ಅರಿಕಮೇಡುವಿನಲ್ಲಿ ತಾವು ಉತ್ಖನನ ಆರಂಭಿಸುವುದಕ್ಕೆ ಆರು ವರ್ಷ ಮೊದಲೇ, ವೀಲರ್ ವರದಿಯನ್ನೇ ಮರುಪರಿಶೀಲಿಸಿ, ರೂಲೆಟೆಡ್ ತಟ್ಟೆಗಳ ಬಳಕೆ ಅರೆಟೈನ್ ಪಾತ್ರೆಗಳಿಗಿಂತ ಮೊದಲೇ ಶುರುವಾಗಿತ್ತೆಂದು ವಾದಿಸಿದರು. ಚೂರುಗಳ ರೇಖಾಚಿತ್ರದೊಡನೆ ಅವು ಸಿಕ್ಕ ಮಣ್ಣಿನ ಪದರಗಳ ವಿವರವನ್ನೂ ವೀಲರ್ ಕೊಟ್ಟಿದ್ದರಿಂದಲೇ ಅವರನ್ನು ಅಲ್ಲಗಳೆಯುವುದು ಸಾಧ್ಯವಾಯಿತು. (ಅವರ ಬರಹದ ಠೀವಿ ನನಗೆ ಅಷ್ಟಾಗಿ ಹಿಡಿಸದು, ಆದರೆ ಈ ಶಿಸ್ತಿಗೆ ತಲೆಬಾಗುತ್ತೇನೆ.)

ನನ್ನ ಮೊದಲ ಲೇಖನ ತಿರಸ್ಕೃತವಾದದ್ದೂ ಇದೇ ವಿಷಯಕ್ಕೆ. ಒಂದು ತಟ್ಟೆಯ ಅಂಚಿನ ಚಿತ್ರವನ್ನು ಕ್ರಮಬದ್ಧವಾಗಿ ಬರೆದಿದ್ದೆ: ನಡುವೆ ಲಂಬರೇಖೆ, ಎಡಕ್ಕೆ ಕಪ್ಪು ತುಂಬಿದ ಅಡ್ಡಸೀಳು, ಬಲಕ್ಕೆ ಹೊರಮೈ, ಕೆಳಗೆ ಅಳತೆಪಟ್ಟಿ. ಪರಿಶೀಲಕರು ಅದರ ಪಕ್ಕದಲ್ಲಿ ‘ಯಾವ ಪದರ?’ ಎಂದಷ್ಟೇ ಬರೆದು ಹಿಂದಿರುಗಿಸಿದ್ದರು. ಆ ಚೂರಿನ ಚೀಟಿಯಲ್ಲಿ ಊರಿನ ಹೆಸರಿನ ಹೊರತು ಏನೂ ಇರಲಿಲ್ಲ, ನಾನೂ ವಿಚಾರಿಸಿರಲಿಲ್ಲ.

ಪತ್ರಿಕೆಗಳ ವಿಚಾರಕ್ಕೆ ಬಂದರೆ, ‘ಬ್ರಿಟಾನಿಯಾ’ ಮುಖ್ಯವಾಗಿ ರೋಮನ್ ಬ್ರಿಟನ್ನಿಗೆ ಮೀಸಲು. 1988ರಿಂದ ಬರುತ್ತಿರುವ ‘ಜರ್ನಲ್ ಆಫ್ ರೋಮನ್ ಆರ್ಕಿಯಾಲಜಿ’ಯ ವ್ಯಾಪ್ತಿ ಇಡೀ ರೋಮನ್ ಜಗತ್ತು. ಮೊದಲ ಲೇಖನವನ್ನು ಪುಣೆಯ ‘ಮ್ಯಾನ್ ಅಂಡ್ ಎನ್ವಿರಾನ್‌ಮೆಂಟ್’ಗೆ ಕಳುಹಿಸುವುದು ಮೇಲೆಂಬುದು ನನ್ನ ಅಭಿಪ್ರಾಯ. ಎಲ್ಲಿಗೇ ಕಳುಹಿಸಿದರೂ, ಚೂರುಗಳನ್ನು ಇಟ್ಟುಕೊಂಡಿರುವ ವಸ್ತುಸಂಗ್ರಹಾಲಯದಿಂದ ಅವುಗಳ ಚಿತ್ರಗಳ ಪ್ರಕಟಣೆಗೆ ಲಿಖಿತ ಅನುಮತಿಯನ್ನು ಲೇಖನ ಬರೆಯುವ ಮೊದಲೇ ಕೇಳಿಡಿ. ಎಷ್ಟೋ ವೇಳೆ ಲೇಖನ ಸಿದ್ಧವಾಗುವುದಕ್ಕಿಂತ ಆ ಪತ್ರ ಬರುವುದೇ ತಡವಾಗುತ್ತದೆ.