ಓದುಗರ ಪ್ರಶ್ನೆ: ಲೈಸೆನ್ಸ್ ಶುಲ್ಕದ ತಕರಾರು ಸ್ಟ್ರಾಸ್‌ಬರ್ಗ್‌ಗೆ ಹೋದೀತೆ?

ಪ್ರಶ್ನೆ: ಯುರೋಪಿನ ಖಾಸಗಿ ಕಂಪನಿಯೊಂದು, ಏಕಾಏಕಿ ಏರಿಸಿದ ಲೈಸೆನ್ಸ್ ಶುಲ್ಕದ ವಿರುದ್ಧ ಅಲ್ಲಿನ ಸುಪ್ರೀಂ ಕೋರ್ಟಿನಲ್ಲೂ ಸೋತಿದೆ. ಸ್ಟ್ರಾಸ್‌ಬರ್ಗ್‌ನಲ್ಲಿರುವ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋಗಬಹುದೇ? ಕಂಪನಿಗೂ ಮಾನವ ಹಕ್ಕು ಇದೆಯೇ?

ಉತ್ತರ: ಇದೆ. ಯುರೋಪಿಯನ್ ಮಾನವ ಹಕ್ಕುಗಳ ಒಡಂಬಡಿಕೆಯ 34ನೇ ವಿಧಿ ಸರ್ಕಾರೇತರ ಸಂಸ್ಥೆಗಳಿಗೂ ಅರ್ಜಿ ಹಾಕುವ ಹಕ್ಕು ಕೊಟ್ಟಿದೆ. ಖಾಸಗಿ ಕಂಪನಿ ಅದರಲ್ಲೇ ಬರುತ್ತದೆ. ಅರ್ಜಿ ಮಾತ್ರ ಕಂಪನಿಯ ಹೆಸರಿನಲ್ಲೇ ಇರಬೇಕು. ಷೇರುದಾರರು ತಾವೇ ಅರ್ಜಿದಾರರಾದರೆ ಸಾಮಾನ್ಯವಾಗಿ ನಡೆಯದು ಎಂದು 1995ರ ಅಗ್ರೋಟೆಕ್ಸಿಮ್ ತೀರ್ಪು ಹೇಳಿದೆ.

‘ಶುಲ್ಕ ದುಬಾರಿ’ ಎಂಬ ವಾದ ಅಲ್ಲಿ ನಿಲ್ಲುವುದಿಲ್ಲ. ಆಸ್ತಿ ಹಕ್ಕಿನ ವಿಧಿಯೇ (ಒಡಂಬಡಿಕೆಗೆ ಸೇರಿಸಿದ ಮೊದಲ ಪ್ರೊಟೊಕಾಲ್, ವಿಧಿ 1) ತೆರಿಗೆ, ವಂತಿಗೆ, ದಂಡ ವಸೂಲಿಗೆ ಸರ್ಕಾರಕ್ಕೆ ಧಾರಾಳ ಅವಕಾಶ ಬಿಟ್ಟಿದೆ. ಶುಲ್ಕಕ್ಕೆ ಕಾನೂನಿನ ಆಧಾರ ಇರಲಿಲ್ಲ, ಅಥವಾ ಹೊರೆ ವಿಪರೀತವಾಯಿತು ಎಂದು ತೋರಿಸಬೇಕು. ಕಾನೂನುಬಾಹಿರವಾಗಿ ಕಟ್ಟಿಸಿಕೊಂಡ ಹಣದ ವಾಪಸಾತಿಯೂ ‘ಆಸ್ತಿ’ ಆಗಬಲ್ಲದು. 2002ರ ಡಾಂಜ್‌ವಿಲ್ ಪ್ರಕರಣದಲ್ಲಿ ಫ್ರಾನ್ಸ್ ಸೋತದ್ದು ಹೆಚ್ಚುವರಿಯಾಗಿ ಕಟ್ಟಿಸಿಕೊಂಡ ವ್ಯಾಟ್ ವಾಪಸ್ ಕೊಡದ್ದಕ್ಕೆ. ಲೈಸೆನ್ಸೇ ರದ್ದಾಗಿದ್ದರೆ ಕೇಸು ಇನ್ನೂ ಗಟ್ಟಿ. ಮಾಲ್ಡೋವಾದ ದೊಡ್ಡ ಇಂಟರ್‌ನೆಟ್ ಕಂಪನಿ ಮೆಗಾಡಾಟ್ ತನ್ನ ವಿಳಾಸ ಬದಲಾದದ್ದನ್ನು ಸಕಾಲಕ್ಕೆ ತಿಳಿಸಲಿಲ್ಲವೆಂದು ಲೈಸೆನ್ಸ್ ಕಳೆದುಕೊಂಡಿತ್ತು. ಇಷ್ಟು ಸಣ್ಣ ತಪ್ಪಿಗೆ ಇಷ್ಟು ದೊಡ್ಡ ಶಿಕ್ಷೆಯೇ ಎಂದು 2008ರಲ್ಲಿ ನ್ಯಾಯಾಲಯ ಅದರ ಪರ ನಿಂತಿತು.

ನ್ಯಾಯಯುತ ವಿಚಾರಣೆಯ 6ನೇ ವಿಧಿಯನ್ನು ನೆಚ್ಚಿಕೊಳ್ಳುವಾಗ ಎಚ್ಚರ: ತೆರಿಗೆ ವಿವಾದ ಅದರ ಸಿವಿಲ್ ಹಕ್ಕುಗಳ ಭಾಗಕ್ಕೆ ಸೇರದು (ಫೆರಾಜಿನಿ ತೀರ್ಪು, 2001). ಶುಲ್ಕ ತೆರಿಗೆಯಂತಿದೆ ಎಂದು ಸರ್ಕಾರ ವಾದಿಸಿಯೇ ವಾದಿಸುತ್ತದೆ.

ಪ್ರಶ್ನೆ: ಇಂಥ ಅರ್ಜಿಗಳು ಎಲ್ಲಿ ಬಿದ್ದುಹೋಗುತ್ತವೆ?

ಉತ್ತರ: ಬಹುಪಾಲು ಬಾಗಿಲಲ್ಲೇ. ಕೆಳಗಿನ ಕೋರ್ಟುಗಳಲ್ಲಿ ಬರೀ ಲೆಕ್ಕದ ತಪ್ಪನ್ನೇ ಎತ್ತಿ, ಆಸ್ತಿ ಹಕ್ಕಿನ ಸಾರವನ್ನೇ ಹೇಳದಿದ್ದರೆ ದೇಶದೊಳಗಿನ ಪರಿಹಾರ ಬಳಸಿಲ್ಲ ಎಂದಾಗುತ್ತದೆ. ಮೊತ್ತ ತೀರಾ ಚಿಕ್ಕದಾದರೆ ‘ಗಣನೀಯ ನಷ್ಟವಿಲ್ಲ’ ಎಂದೂ ತಳ್ಳಬಹುದು.

ಇನ್ನು ಗಡುವು. 2022ರ ಫೆಬ್ರುವರಿ 1ರಿಂದ ಅದು ಆರಲ್ಲ, ನಾಲ್ಕು ತಿಂಗಳು. ಅಂತಿಮ ತೀರ್ಪು ಮಾರ್ಚ್ 10ರಂದು ಕೈಸೇರಿದರೆ ಜುಲೈ 10 ಕೊನೆಯ ದಿನ. ಅದು ಭಾನುವಾರವಾದರೂ ಸೋಮವಾರಕ್ಕೆ ಮುಂದೂಡುವುದಿಲ್ಲ. ಅಂಚೆ ಮುದ್ರೆಯ ದಿನಾಂಕವೇ ಲೆಕ್ಕ. ಫ್ಯಾಕ್ಸ್ ಕಳಿಸಿದರೆ ಗಡುವು ನಿಲ್ಲದು. ಫಾರಂ ಅಪೂರ್ಣವಾಗಿದ್ದರೂ ಅಷ್ಟೇ: ಕೆಳಗಿನ ಕೋರ್ಟಿನ ಒಂದು ಆದೇಶದ ಪ್ರತಿ ಇಲ್ಲ, ಸಹಿ ಹಾಕಿದವರಿಗೆ ಕಂಪನಿ ಪರ ಅಧಿಕಾರ ಇದೆಯೆಂಬ ದಾಖಲೆ ಇಲ್ಲ, ವಕೀಲರ ಅಧಿಕಾರ ಪತ್ರದ ಜಾಗದಲ್ಲಿ ಒಂದೇ ಸಹಿ ಇದೆ ಎಂದರೂ ಸಾಕು, ಅರ್ಜಿ ತಿರಸ್ಕೃತ. ಹೊಸದಾಗಿ ಕಳಿಸುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ಹಾಗಾಗಿ ಕೊನೇ ವಾರಕ್ಕೆ ಕಾಯದೆ ಎರಡನೇ ತಿಂಗಳಲ್ಲೇ ಕಳಿಸುವುದು ಒಳ್ಳೆಯದು. ಅರ್ಜಿಗೆ ಶುಲ್ಕವೇನೂ ಇಲ್ಲ. ಏಕಸದಸ್ಯ ನ್ಯಾಯಾಧೀಶರು ತಳ್ಳಿಹಾಕಿದರೆ ಮೇಲ್ಮನವಿಯೂ ಇಲ್ಲ.